ಮದರ್‌ಬೋರ್ಡ್ ಯಾವುದು ಅಂತ ಯಾರೂ ಕೇಳಲ್ಲ

ಹೋದ ವರ್ಷ ಒಂದು ಸಂಜೆ ಚಿಕ್ಕಪ್ಪ ವಾಟ್ಸಾಪಿನಲ್ಲಿ ಒಂದು ಚೀಟಿಯ ಫೋಟೊ ಕಳಿಸಿ, ಹಿಂದೆಯೇ ಫೋನ್ ಮಾಡಿದರು. "ಇದು ಸರಿ ಇದ್ಯಾ ನೋಡೇ ಮಾರಾಯ್ತಿ. ಐದು ವರ್ಷ ಬರ್ಬೇಕು ಅಷ್ಟೆ. ಮತ್ತೆ ಮತ್ತೆ ತಗೊಳ್ಳಕ್ಕೆ ನನ್ ಹತ್ರ ಆಗಲ್ಲ."

ಅವರ ಮಗಳು, ನಮ್ಮೆಲ್ಲರ ಪುಟ್ಟಿ, ಇಂಜಿನಿಯರಿಂಗ್ ಸೇರಿದ್ದಳು. ಶಿವಮೊಗ್ಗದಲ್ಲೇ ಕಾಲೇಜು, ಮನೆಯಿಂದಲೇ ಓಡಾಟ. ಅದೇ ದುಡ್ಡಿಗೆ ಲ್ಯಾಪ್‌ಟಾಪಿಗಿಂತ ಗಟ್ಟಿಯಾದದ್ದು ಸಿಗುತ್ತದೆ ಅಂತ ಡೆಸ್ಕ್‌ಟಾಪ್ ತರುವುದೆಂದು ತೀರ್ಮಾನವಾಗಿತ್ತು. ಅದಕ್ಕಾಗಿ ಚಿಕ್ಕಪ್ಪ ಬ್ಯಾಂಕಿನ ಆರ್‌ಡಿ ಮುರಿಸಿದ್ದರು.

ಸಾಫ್ಟ್‌ವೇರ್‌ನವರಿಗೆ ಕಂಪ್ಯೂಟರಿನ ಒಳಗೆಲ್ಲ ಗೊತ್ತಿರುತ್ತದೆ ಅನ್ನೋದು ನಮ್ಮ ಮನೆಯವರ ನಂಬಿಕೆ. ನಿಜ ಹೇಳಬೇಕೆಂದರೆ ನನ್ನ ಸಹೋದ್ಯೋಗಿಗಳಲ್ಲಿ ಎಷ್ಟೋ ಜನ ಒಂದು ಕ್ಯಾಬಿನೆಟ್ಟಿನ ಸ್ಕ್ರೂ ಬಿಚ್ಚಿದವರಲ್ಲ. ನನಗೆ ಸ್ವಲ್ಪ ಗೊತ್ತಿರುವುದು ಓದಿದ್ದರಿಂದ ಅಲ್ಲ, ಕೈ ಸುಟ್ಟುಕೊಂಡಿದ್ದರಿಂದ.

ಚೀಟಿ ನೋಡಿದೆ. ಪ್ರೊಸೆಸರ್ ಐ5-12400ಎಫ್. ರ‍್ಯಾಮ್ 16 ಜಿಬಿ. ಎಸ್‌ಎಸ್‌ಡಿ 512 ಜಿಬಿ. 2 ಜಿಬಿ ಗ್ರಾಫಿಕ್ಸ್ ಕಾರ್ಡ್. ಬಣ್ಣದ ದೀಪದ ಫ್ಯಾನಿರುವ ಕ್ಯಾಬಿನೆಟ್. ಎಲ್ಲದಕ್ಕೂ ಹೆಸರು, ನಂಬರು ಇತ್ತು. ನಡುವೆ ಒಂದು ಸಾಲು ಮಾತ್ರ ಹೀಗಿತ್ತು: "ಮದರ್‌ಬೋರ್ಡ್ – 1."

ಯಾವ ಮದರ್‌ಬೋರ್ಡ್? ಚಿಕ್ಕಪ್ಪ ಕೇಳಿರಲಿಲ್ಲ, ಅಂಗಡಿಯವರು ಹೇಳಿರಲಿಲ್ಲ. ಮನೆ ಕಟ್ಟಿಸುವಾಗ ಟೈಲ್ಸು, ಬಾಗಿಲು, ಬಣ್ಣ ಎಲ್ಲ ಆರಿಸಿ, ಪಾಯದ ಲೆಕ್ಕದಲ್ಲಿ "ಪಾಯ – 1" ಅಂತ ಬರೆದ ಹಾಗೆ. ಆದರೆ ರ‍್ಯಾಮ್ ನಾಳೆ ಬದಲಿಸಬಹುದು, ಎಸ್‌ಎಸ್‌ಡಿ ಇನ್ನೊಂದು ಹಾಕಬಹುದು. ಬೋರ್ಡ್ ಬದಲಿಸಬೇಕಾದರೆ ಇಡೀ ಯಂತ್ರವನ್ನೇ ಬಿಚ್ಚಬೇಕು.

ಅಪ್ಪನ ಕಂಪ್ಯೂಟರ್ ಕಲಿಸಿದ್ದು

ನಾನು ಹೈಸ್ಕೂಲಿನಲ್ಲಿದ್ದಾಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂತು. ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು-ಸಿಡಿಲು ಹೇಗಿರುತ್ತದೆ ಅಂತ ಆ ಕಡೆಯವರಿಗೆ ಹೇಳಬೇಕಿಲ್ಲ. ಒಂದು ಸಂಜೆ ಗುಡುಗು ಶುರುವಾದಾಗ ಅಪ್ಪ ಕರೆಂಟಿನ ಪ್ಲಗ್ ಕಿತ್ತರು, ಟೆಲಿಫೋನ್ ತಂತಿ ಕೀಳೋದು ಮರೆತರು. ಸಿಡಿಲಿನ ಹೊಡೆತ ಆ ತಂತಿಯಲ್ಲಿ ಬಂದು ಮೋಡೆಮ್ ಸುಟ್ಟಿತು. ಅಲ್ಲಿಂದ ಕೇಬಲ್ ಹಿಡಿದು ಬೋರ್ಡಿನಲ್ಲೇ ಕೂತಿದ್ದ ನೆಟ್‌ವರ್ಕ್ ಪೋರ್ಟನ್ನೂ ಸುಟ್ಟಿತು. ಅದೃಷ್ಟಕ್ಕೆ ಉಳಿದದ್ದೆಲ್ಲ ನಡೆಯುತ್ತಿತ್ತು.

ಇಡೀ ಬೋರ್ಡ್ ಹೋಯ್ತು ಅಂತ ನಾವು ಅಂದುಕೊಂಡೆವು. ರಿಪೇರಿಯವರು ಬಂದು, ಬೋರ್ಡಿನಲ್ಲಿ ಖಾಲಿಯಿದ್ದ ಒಂದು ಪಿಸಿಐ ಸ್ಲಾಟ್ ತೋರಿಸಿ, ಮುನ್ನೂರು ರೂಪಾಯಿಯ ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ ಹೋದರು. ಆಮೇಲೆ ಅದು ಇನ್ನೂ ನಾಲ್ಕು ವರ್ಷ ನಡೆಯಿತು. ನಾನು ಸಿಇಟಿ ಅರ್ಜಿ ತುಂಬಿದ್ದು ಆ ಮುನ್ನೂರು ರೂಪಾಯಿಯ ಕಾರ್ಡಿನಿಂದ.

ಬೋರ್ಡಿನ ಮೇಲೆ ಏನೇನಿದೆ ಅನ್ನುವಷ್ಟೇ, ಏನೇನು ಖಾಲಿ ಇದೆ ಅನ್ನುವುದೂ ಮುಖ್ಯ ಅಂತ ನನಗೆ ಗೊತ್ತಾಗಿದ್ದು ಹಾಗೆ.

ಆದರೂ ನಾನೇ ದುಡಿದ ದುಡ್ಡಿನಲ್ಲಿ ಕೊಳ್ಳುವಾಗ ತಪ್ಪು ಮಾಡಿದೆ. 2018ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ದೀಪ ಮಿನುಗುವ ಒಂದು ಬಿ350 ಬೋರ್ಡ್, ಆಗಷ್ಟೇ ಬಂದಿದ್ದ ರೈಜನ್ 5 2600 ಪ್ರೊಸೆಸರ್ ತಂದೆ. ರಾತ್ರಿ ಎರಡರವರೆಗೆ ಕೂತು ಜೋಡಿಸಿದರೆ ಸ್ಕ್ರೀನ್ ಕಪ್ಪು! ಸಾಕೆಟ್ ಹೊಂದುತ್ತಿತ್ತು, ಆದರೆ ಬೋರ್ಡ್ ಹಳೆಯ ಸ್ಟಾಕ್. ಅದರ ಬಯೋಸ್‌ಗೆ ಈ ಹೊಸ ಪ್ರೊಸೆಸರಿನ ಪರಿಚಯವೇ ಇರಲಿಲ್ಲ. ಮರುದಿನ ಅಂಗಡಿಗೆ ಹೊತ್ತುಕೊಂಡು ಹೋಗಿ, ಅವರ ಹತ್ತಿರವಿದ್ದ ಹಳೆಯ ಪ್ರೊಸೆಸರ್ ಹಾಕಿಸಿ, ಬಯೋಸ್ ಅಪ್‌ಡೇಟ್ ಮಾಡಿಸಿಕೊಂಡು ಬಂದೆ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸ್ ಅಪ್‌ಡೇಟ್ ಮಾಡುವ ಸೌಲಭ್ಯ ಕೆಲವು ಬೋರ್ಡುಗಳಲ್ಲಿ ಇರುತ್ತದೆ. ನಾನು ದೀಪಕ್ಕೆ ಕೊಟ್ಟ ದುಡ್ಡನ್ನು ಅದಕ್ಕೆ ಕೊಡಬಹುದಿತ್ತು.

ಅದೇ ಬೋರ್ಡ್ ಆಮೇಲೆ ಋಣ ತೀರಿಸಿತು ಅನ್ನಿ. 2022ರಲ್ಲಿ ಅದಕ್ಕೆ ಹೊಸ ಬಯೋಸ್ ಬಂತು. ರೈಜನ್ 5600 ಹಾಕಿಕೊಂಡೆ. ಇವತ್ತಿಗೂ ನಡೆಯುತ್ತಿದೆ.

ಚೀಟಿಯ ಲೆಕ್ಕ

ಪುಟ್ಟಿಯ ಚೀಟಿಗೆ ಬರೋಣ. ಅಂಗಡಿಗೆ ಫೋನ್ ಮಾಡಿ ಬೋರ್ಡ್ ಯಾವುದೆಂದು ಕೇಳಿದೆ. ಎಚ್610 ಚಿಪ್‌ಸೆಟ್‌ನದು, ಡಿಡಿಆರ್4, ಬೆಲೆ ಸುಮಾರು ಆರು ಸಾವಿರ ಅಂದರು. ಕೆಟ್ಟ ಬೋರ್ಡೇನಲ್ಲ. ಬ್ಯಾಂಕ್, ಆಫೀಸಿನ ಕೆಲಸಕ್ಕೆ ಧಾರಾಳ ಸಾಕು. ಅದರ ಪಕ್ಕದಲ್ಲಿ ಹತ್ತು ಸಾವಿರದ ಒಂದು ಬಿ760 ಬೋರ್ಡ್ ಇಟ್ಟು, ನಾಲ್ಕು ಸಾವಿರ ಜಾಸ್ತಿ ಕೊಟ್ಟರೆ ಏನು ಸಿಗುತ್ತದೆ ಅಂತ ನೋಡುತ್ತಾ ಹೋದೆ.

ಮೊದಲನೆಯದು ಪ್ರೊಸೆಸರಿಗೆ ಕರೆಂಟ್ ಕೊಡುವ ಭಾಗ. ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಿರುವುದು ಒಂದು ಚಿಲ್ಲರೆ ವೋಲ್ಟ್ ಮಾತ್ರ. ಹಾಗೆ ಇಳಿಸಿಕೊಡುವ ಸರ್ಕ್ಯೂಟಿಗೆ ವಿಆರ್‌ಎಂ ಅನ್ನುತ್ತಾರೆ. 12400 ಪ್ರೊಸೆಸರ್ ಪೂರ್ತಿ ಜೋರಿನಲ್ಲಿ ಓಡುವಾಗ 117 ವ್ಯಾಟ್‌ವರೆಗೆ ಎಳೆಯಬಹುದು. ವೋಲ್ಟ್ ಇಷ್ಟು ಕಡಿಮೆ ಇದ್ದಾಗ ಅದು ಹತ್ತಿರಹತ್ತಿರ 100 ಆಂಪಿಯರ್ ಆಗುತ್ತದೆ. ಬಚ್ಚಲುಮನೆಯ 2000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು 9 ಆಂಪಿಯರ್ ಒಳಗೆ! ಅಷ್ಟು ಕರೆಂಟು ಹರಿಯುವ ಜಾಗ ಬಿಸಿಯಾಗದೇ ಇರುತ್ತಾ? ಪ್ರೊಸೆಸರ್ ಸಾಕೆಟ್ಟಿನ ಎಡಕ್ಕೆ ಮತ್ತು ಮೇಲಕ್ಕೆ ನೋಡಿ, ಸಾಲಾಗಿ ಸಣ್ಣ ಚಿಪ್‌ಗಳಿರುತ್ತವೆ. ಅವುಗಳ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಇದ್ದರೆ ಒಳ್ಳೆಯದು. ಎಚ್610ರಲ್ಲಿ ಇರಲಿಲ್ಲ, ಬಿ760ರಲ್ಲಿ ಇತ್ತು.

12400ಕ್ಕೆ ಮಾತ್ರವಾದರೆ ಹೀಟ್‌ಸಿಂಕ್ ಇಲ್ಲದಿದ್ದರೂ ನಡೆದೀತು. ಆದರೆ ಮೂರು ವರ್ಷ ಬಿಟ್ಟು ಪುಟ್ಟಿ ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಐ7-14700 ಹಾಕಿದಳು ಅಂದುಕೊಳ್ಳಿ. ಅದು 219 ವ್ಯಾಟ್‌ವರೆಗೆ ಹೋಗುತ್ತದೆ. ಸಣ್ಣ ವಿಆರ್‌ಎಂ ಬಿಸಿಯಾದಾಗ ಬೋರ್ಡು ಪ್ರೊಸೆಸರಿನ ವೇಗವನ್ನೇ ಇಳಿಸುತ್ತದೆ. ಎತ್ತಿನಗಾಡಿಗೆ ಕುದುರೆ ಕಟ್ಟಿದ ಹಾಗೆ.

ಎರಡನೆಯದು ರ‍್ಯಾಮ್ ಸ್ಲಾಟ್. ಎಚ್610ರಲ್ಲಿ ಎರಡೇ. ಎರಡಕ್ಕೂ 8 ಜಿಬಿ ಹಾಕಿದರೆ ಮುಂದೆ ಹೆಚ್ಚಿಸಬೇಕಾದಾಗ ಹಳೆಯದನ್ನು ತೆಗೆದಿಡಬೇಕು. 16 ಜಿಬಿಯ ಒಂದನ್ನೇ ಹಾಕಿದರೆ ರ‍್ಯಾಮಿನ ಎರಡು ದಾರಿಗಳಲ್ಲಿ ಒಂದು ಮುಚ್ಚಿದ ಹಾಗೆ, ವೇಗ ಕುಗ್ಗುತ್ತದೆ. ನಾನು ನೋಡಿದ ಬಿ760ರಲ್ಲಿ ನಾಲ್ಕು ಸ್ಲಾಟ್ ಇತ್ತು. ಈಗ ಎರಡು, ಬೇಕಾದಾಗ ಇನ್ನೆರಡು.

ಮೂರನೆಯದು ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್. ಎಚ್610ರಲ್ಲಿ ಒಂದೇ, ಅದೂ ಪಿಸಿಐಇ 3.0 ವೇಗದ್ದು. ಇನ್ನೊಂದರಲ್ಲಿ ಎರಡು, ಎರಡೂ 4.0. ದಿನನಿತ್ಯದ ಬಳಕೆಯಲ್ಲಿ ಈ ವೇಗದ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಡಿಮೆ. ಆದರೆ ಎರಡನೇ ಸ್ಲಾಟ್ ಖಾಲಿ ಇರುವುದು ಉಪಯೋಗಕ್ಕೆ ಬರುತ್ತದೆ. ಜಾಗ ತುಂಬಿದಾಗ ಹಳೆಯದನ್ನು ಕಿತ್ತು ಎಲ್ಲ ಕಾಪಿ ಮಾಡುವ ಗೋಳು ಇಲ್ಲ.

ನಾಲ್ಕನೆಯದು ನಮ್ಮ ಕಡೆಯವರಿಗೆ ಮುಖ್ಯವಾದದ್ದು: ಬೋರ್ಡಿನಲ್ಲೇ ವೈಫೈ. ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ಕೇಬಲ್ ಹಾಕಿಕೊಳ್ಳಿ, ಅದೇ ಗಟ್ಟಿ ಅನ್ನುತ್ತೇನೆ. ಆದರೆ ಸಿಡಿಲಿನ ಊರಿನಲ್ಲಿ ಮೋಡೆಮ್ಮಿಗೂ ಕಂಪ್ಯೂಟರಿಗೂ ನಡುವೆ ತಾಮ್ರದ ತಂತಿ ಇಲ್ಲದಿರುವುದೇ ಒಂದು ರಕ್ಷಣೆ. ಡಬ್ಬದ ಮೇಲೆ "ಸರ್ಜ್ ಪ್ರೊಟೆಕ್ಷನ್" ಅಂತ ಬರೆದಿರುತ್ತಾರೆ. ಸಣ್ಣಪುಟ್ಟ ಏರಿಳಿತಕ್ಕೆ ಅದು ಸರಿ, ಸಿಡಿಲಿಗೆ ಅಲ್ಲ. ಮನೆಗೆ ಒಳ್ಳೆಯ ಅರ್ಥಿಂಗ್ ಮಾಡಿಸಿ, ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ. ಅದಕ್ಕೆ ಬದಲಿ ಯಾವ ಬೋರ್ಡಿನಲ್ಲೂ ಇಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹಾಡು ಕೇಳುವುದಕ್ಕೆ, ಆನ್‌ಲೈನ್ ಕ್ಲಾಸಿಗೆ ಬೋರ್ಡಿನ ಸಾಧಾರಣ ಆಡಿಯೋ ಚಿಪ್ ಸಾಕು. ಮನೆಯ ಇಂಟರ್ನೆಟ್ಟಿಗೆ 1 ಗಿಗಾಬಿಟ್ ಪೋರ್ಟ್ ಸಾಕು, 2.5 ಇದ್ದರೆ ನಷ್ಟವಿಲ್ಲ, ಅದಕ್ಕೇ ಅಂತ ದುಡ್ಡು ಕೊಡಬೇಡಿ. ಹಿಂಭಾಗದ ಯುಎಸ್‌ಬಿ ಪೋರ್ಟ್ ಮಾತ್ರ ಎಣಿಸಿಯೇ ಎಣಿಸಿ. ಕೀಬೋರ್ಡ್, ಮೌಸ್, ಪ್ರಿಂಟರ್, ಕ್ಯಾಮೆರಾ ಸೇರಿದರೆ ಅಲ್ಲಿಗೇ ನಾಲ್ಕಾಯಿತು.

ಎಫ್ ಅನ್ನುವ ಒಂದು ಅಕ್ಷರ

ಬೋರ್ಡಿನ ಲೆಕ್ಕವೇನೋ ಆಯಿತು, ನಾಲ್ಕು ಸಾವಿರ ಎಲ್ಲಿಂದ ತರುವುದು? ಚೀಟಿಯಲ್ಲೇ ಇತ್ತು.

12400ಎಫ್ ಅಂತ ಇತ್ತಲ್ಲ, ಆ ಎಫ್ ಅಂದರೆ ಪ್ರೊಸೆಸರಿನ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಬೋರ್ಡಿನ ಹಿಂದೆ ಎಚ್‌ಡಿಎಂಐ ತೂತು ಇರುತ್ತದೆ, ಮಾನಿಟರ್ ಸಿಕ್ಕಿಸಿದರೆ ಏನೂ ಬರುವುದಿಲ್ಲ. ಎಷ್ಟೋ ಜನ ಬೋರ್ಡೇ ಹಾಳು ಅಂದುಕೊಂಡು ವಾಪಸ್ ಒಯ್ದಿದ್ದಾರೆ. ಅದಕ್ಕೇ ಅಂಗಡಿಯವರು ಹಳೆಯ ಕಾಲದ 2 ಜಿಬಿ ಕಾರ್ಡೊಂದನ್ನು ಸೇರಿಸಿದ್ದರು. ಎಫ್ ಇಲ್ಲದ 12400 ತಗೊಂಡರೆ ಅದರ ಒಳಗಿನ ಗ್ರಾಫಿಕ್ಸ್ ಆ ಹಳೆ ಕಾರ್ಡಿಗಿಂತ ವಾಸಿ.

ಕಾರ್ಡ್ ತೆಗೆದೆ: 3,500 ಉಳಿತಾಯ. ಎಫ್ ಇಲ್ಲದ ಪ್ರೊಸೆಸರಿಗೆ 2,000 ಹೆಚ್ಚು. ದೀಪದ ಕ್ಯಾಬಿನೆಟ್ ಬದಲು ಸಾದಾ ಕ್ಯಾಬಿನೆಟ್: 1,500 ಉಳಿತಾಯ. ಬೋರ್ಡಿಗೆ 4,000 ಹೆಚ್ಚು. ಕೂಡಿ ಕಳೆದರೆ ಚೀಟಿಗಿಂತ ಒಂದು ಸಾವಿರ ಜಾಸ್ತಿ, ಅಷ್ಟೆ.

ಚಿಕ್ಕಪ್ಪನಿಗೆ ಹೇಳಿದೆ. "ಗ್ರಾಫಿಕ್ಸ್ ಕಾರ್ಡ್ ತೆಗೆದು ಸಾವಿರ ಜಾಸ್ತಿ ಕೊಡ್ಬೇಕಾ? ಅಂಗಡಿಯವ್ನು ನಗಲ್ವಾ?" ಅಂದರು. ನಗಲಿ ಚಿಕ್ಕಪ್ಪ, ಐದು ವರ್ಷ ಬಳಸೋದು ಪುಟ್ಟಿ ಅಂದೆ. ಅಂಗಡಿಯವರು ನಗಲಿಲ್ಲ. "ಜನ ದೀಪ ಇದ್ಯಾ ಅಂತ ಕೇಳ್ತಾರೆ ಮೇಡಂ, ಬೋರ್ಡ್ ಯಾವ್ದು ಅಂತ ಕೇಳಲ್ಲ. ಕೇಳಿದ್ರೆ ನಾವೂ ಒಳ್ಳೇದೇ ಕೊಡ್ತೀವಿ" ಅಂದರು. ಅದೂ ನ್ಯಾಯವೇ.

ಒಂದು ಪ್ರಶ್ನೆ ಮಾತ್ರ ನನ್ನನ್ನು ಕಾಡಿತು. ಈ ಸಾಕೆಟ್ಟಿಗೆ 12ರಿಂದ 14ನೇ ತಲೆಮಾರಿನ ಪ್ರೊಸೆಸರುಗಳು ಕೂರುತ್ತವೆ, ಅಲ್ಲಿಗೆ ಮುಗಿಯಿತು. ಎಎಂಡಿಯ ಎಎಂ5 ಬೋರ್ಡ್ ತಗೊಂಡಿದ್ದರೆ ಮುಂದಿನ ತಲೆಮಾರಿನವೂ ಕೂರುತ್ತಿದ್ದವು. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಒಟ್ಟು ಖರ್ಚು ಇನ್ನೂ ಆರೇಳು ಸಾವಿರ ಮೇಲೆ ಹೋಗುತ್ತಿತ್ತು. ಆರ್‌ಡಿ ಮುರಿಸಿದವರ ಹತ್ತಿರ ಅದನ್ನು ಕೇಳಲು ಮನಸ್ಸಾಗಲಿಲ್ಲ. ಡಿಗ್ರಿ ಮುಗಿಯುವಷ್ಟು ಕಾಲಕ್ಕೆ ಇದು ಸಾಕು ಅಂತ ತೀರ್ಮಾನಿಸಿದೆ.

ಯಾವ ದೀಪ ಹೊತ್ತಿದೆ?

ಕಂಪ್ಯೂಟರ್ ಬಂದು ತಿಂಗಳಾಗಿತ್ತು. ಒಂದು ರಾತ್ರಿ ಪುಟ್ಟಿಯ ಫೋನ್. ದನಿಯಲ್ಲಿ ಅಳು. "ಅಕ್ಕಾ, ಆನ್ ಆಗ್ತಿಲ್ಲ. ಫ್ಯಾನ್ ತಿರುಗ್ತಿದೆ, ಸ್ಕ್ರೀನಲ್ಲಿ ಏನೂ ಇಲ್ಲ. ನಾಳೆ ಅಸೈನ್‌ಮೆಂಟ್ ಕೊಡ್ಬೇಕು." ಹಿಂದಿನಿಂದ ಚಿಕ್ಕಪ್ಪನ ದನಿ: "ಹೇಳಿದ್ನಲ್ಲ ನಾನು, ಆ ಕಾರ್ಡ್ ಬೇಕಿತ್ತು ಅಂತ!"

ಆ ಬೋರ್ಡಿನಲ್ಲಿ ನಾಲ್ಕು ಸಣ್ಣ ದೀಪಗಳಿವೆ. ಅಲಂಕಾರದ್ದಲ್ಲ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಪಕ್ಕದಲ್ಲಿ ಬರೆದಿರುತ್ತದೆ. ಎಲ್ಲಿ ಸಿಕ್ಕಿಹಾಕಿಕೊಂಡಿದೆಯೋ ಆ ದೀಪ ಹೊತ್ತಿಕೊಂಡೇ ಇರುತ್ತದೆ. ಆರು ಸಾವಿರದ ಆ ಬೋರ್ಡಿನಲ್ಲಿ ಇವು ಇರಲಿಲ್ಲ.

"ಪಕ್ಕದ ಮುಚ್ಚಳ ತೆಗಿ. ಯಾವ ದೀಪ ಹೊತ್ತಿದೆ?"

"ಡಿರ‍್ಯಾಮ್ ಅಂತ ಬರೆದಿರೋದು."

ಪ್ಲಗ್ ಕೀಳಿಸಿದೆ. ಎರಡೂ ರ‍್ಯಾಮ್ ತೆಗೆಸಿ, ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ ಟಕ್ ಅನ್ನುವವರೆಗೆ ಒತ್ತಿಸಿದೆ. ಐದು ನಿಮಿಷ. ಆಮೇಲೆ ಆ ಕಡೆಯಿಂದ, "ಬಂತು ಅಕ್ಕಾ!"

ಈಗ ಚಿಕ್ಕಪ್ಪನ ಮನೆಗೆ ಯಾರು ಹೋದರೂ, ತಮ್ಮ ಮಗಳು ಮದರ್‌ಬೋರ್ಡ್ ರಿಪೇರಿ ಮಾಡುತ್ತಾಳೆ ಅಂತ ಹೇಳುತ್ತಾರಂತೆ. ನಾನು ತಿದ್ದಲು ಹೋಗಿಲ್ಲ.

ಅಂಗಡಿಗೆ ಹೋಗುವ ಮುನ್ನ

• ಕೊಟೇಶನ್ನಿನಲ್ಲಿ ಮದರ್‌ಬೋರ್ಡಿನ ಪೂರ್ತಿ ಮಾಡೆಲ್ ಹೆಸರು ಬರೆಸಿಕೊಳ್ಳಿ. ವಾರಂಟಿ ಎಷ್ಟು ವರ್ಷ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಅಂತ ಕೇಳಿ.

• ನಿಮ್ಮ ಪ್ರೊಸೆಸರ್ ಆ ಬೋರ್ಡಿನ ಯಾವ ಬಯೋಸ್‌ನಿಂದ ನಡೆಯುತ್ತದೆ ಅಂತ ಬೋರ್ಡ್ ಕಂಪನಿಯ ವೆಬ್‌ಸೈಟಿನ ಪಟ್ಟಿಯಲ್ಲಿ ನೋಡಿ.

• ಬೋರ್ಡ್ ಡಿಡಿಆರ್4 ಅಥವಾ ಡಿಡಿಆರ್5, ಯಾವುದು ಅಂತ ಖಚಿತ ಮಾಡಿಕೊಳ್ಳಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

• ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು.

• ಇವತ್ತು ತುಂಬುವ ಸ್ಲಾಟುಗಳನ್ನು ಎಣಿಸಿದ ಮೇಲೆ, ಖಾಲಿ ಉಳಿಯುವವನ್ನೂ ಎಣಿಸಿ.