ಖಾಸಗಿ ಭದ್ರತಾ ಕಾವಲುಗಾರರಾಗಿ ಸೇರಬಯಸುವವರಿಗೆ: ಅರ್ಹತೆ, ದಾಖಲೆಗಳು ಮತ್ತು ವಹಿಸಬೇಕಾದ ಎಚ್ಚರಿಕೆ

ಹೂವಿನಹಡಗಲಿ ತಾಲ್ಲೂಕಿನ ಹೊಳಲು ಹಾಗೂ ಸುತ್ತಲಿನ ಗ್ರಾಮಗಳಿಂದ, ಅದೇ ರೀತಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಂದ ಹೊಸಪೇಟೆ, ತೋರಣಗಲ್ಲು, ಹುಬ್ಬಳ್ಳಿ, ಬೆಂಗಳೂರುಗಳ ಕಡೆಗೆ ಉದ್ಯೋಗವನ್ನರಸಿ ಹೋಗುವವರಲ್ಲಿ ಅನೇಕರು ಮೊದಲು ಹಿಡಿಯುವ ಕೆಲಸ ಸೆಕ್ಯೂರಿಟಿ ಗಾರ್ಡ್ ಕೆಲಸ. ಹೆಚ್ಚಿನ ವಿದ್ಯಾರ್ಹತೆಯನ್ನು ಕೇಳದ, ಕೂಡಲೇ ಸಂಬಳ ದೊರೆಯುವ ಕೆಲಸವೆಂಬ ಕಾರಣದಿಂದ ಪೂರ್ವಾಪರ ವಿಚಾರಿಸದೆ ಸೇರಿಕೊಳ್ಳುವುದು ರೂಢಿಯಾಗಿದೆ. ಹಿಂದೆ ಗ್ರಾಮಗಳಲ್ಲಿ ತಳವಾರಿಕೆ ಮನೆತನದಿಂದ ಬರುತ್ತಿತ್ತು. ಅದಕ್ಕೆ ಅರ್ಜಿಯೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಇಂದು ಏಜೆನ್ಸಿಯ ಮೂಲಕ ಕಾವಲು ಕಾಯುವವನಿಗೆ ಪ್ರತ್ಯೇಕ ಕಾನೂನು ಇದೆ. ಆ ಕಾನೂನಿನ ಅವಶ್ಯಕ ಅಂಶಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಅನ್ವಯವಾಗುವ ಕಾನೂನು

ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಅಧಿನಿಯಮ, 2005 ದೇಶದಲ್ಲಿ 2006ರ ಮಾರ್ಚ್ 14ರಿಂದ ಜಾರಿಗೆ ಬಂದಿತು. ಇದರ ಅಡಿಯಲ್ಲಿ ರಾಜ್ಯ ಸರ್ಕಾರವು ಕರ್ನಾಟಕ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಮಗಳು, 2008ನ್ನು ರೂಪಿಸಿದೆ. ಲೈಸೆನ್ಸ್ ಪಡೆಯಬೇಕಾದುದು ಏಜೆನ್ಸಿಯೇ ಹೊರತು ಕಾವಲುಗಾರನಲ್ಲ ಎಂಬುದನ್ನು ಅಭ್ಯರ್ಥಿಗಳು ಮೊದಲು ಮನಗಾಣಬೇಕು. "ಗಾರ್ಡ್ ಲೈಸೆನ್ಸ್ ಮಾಡಿಸಿಕೊಡುತ್ತೇವೆ" ಎಂದು ಹಣ ಕೇಳುವವರು ಕಾನೂನಿನಲ್ಲಿ ಇಲ್ಲದ ವಸ್ತುವನ್ನು ಮಾರುತ್ತಿದ್ದಾರೆ.

ಏಜೆನ್ಸಿಗೆ ಲೈಸೆನ್ಸ್ ನೀಡುವವರು ರಾಜ್ಯ ಸರ್ಕಾರದಿಂದ ಗೊತ್ತುಪಡಿಸಲ್ಪಟ್ಟ ನಿಯಂತ್ರಣ ಪ್ರಾಧಿಕಾರಿ. ಒಂದು ಜಿಲ್ಲೆಗೆ, ಐದು ಜಿಲ್ಲೆಗಳವರೆಗೆ ಅಥವಾ ಇಡೀ ರಾಜ್ಯಕ್ಕೆ ಎಂದು ಲೈಸೆನ್ಸ್ ಮೂರು ಬಗೆಯಾಗಿದ್ದು, ಅದರ ಅವಧಿ ಐದು ವರ್ಷ. ಆದ್ದರಿಂದ ಏಜೆನ್ಸಿಯವರು ಗೋಡೆಗೆ ತೂಗುಹಾಕಿದ ಪ್ರಮಾಣಪತ್ರವನ್ನು ನೋಡಿದರೆ ಸಾಲದು. ಅದರ ಅವಧಿ ಮುಗಿದಿದೆಯೇ, ಕೆಲಸ ಮಾಡಬೇಕಾದ ಜಿಲ್ಲೆ ಅದರಲ್ಲಿ ಸೇರಿದೆಯೇ ಎಂಬುದನ್ನು ಓದಿ ನೋಡತಕ್ಕದ್ದು. ಲೈಸೆನ್ಸ್ ಇಲ್ಲದೆ ಏಜೆನ್ಸಿ ನಡೆಸಿದರೆ ಒಂದು ವರ್ಷದವರೆಗೆ ಕಾರಾವಾಸ ಅಥವಾ 25,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಅಂಗಡಿ, ಗೋದಾಮು ಅಥವಾ ತೋಟದ ಮಾಲೀಕರು ತಾವೇ ನೇರವಾಗಿ ಒಬ್ಬ ರಾತ್ರಿ ಕಾವಲುಗಾರನನ್ನು ಇಟ್ಟುಕೊಂಡಲ್ಲಿ ಅವರು ಏಜೆನ್ಸಿ ಎನಿಸುವುದಿಲ್ಲ. ಅಂತಹ ಕಾವಲುಗಾರನಿಗೂ ವೇತನದ ಕಾನೂನು ಮಾತ್ರ ಅನ್ವಯವಾಗುತ್ತದೆ.

ಯಾರು ಅರ್ಹರು

ಅಧಿನಿಯಮದ 10ನೇ ಪ್ರಕರಣದ ಪ್ರಕಾರ ಅಭ್ಯರ್ಥಿಯು ಭಾರತದ ಪ್ರಜೆಯಾಗಿರಬೇಕು ಅಥವಾ ಕೇಂದ್ರ ಸರ್ಕಾರ ಅಧಿಸೂಚಿಸಿದ ಇತರ ದೇಶದವನಾಗಿರಬೇಕು. 18 ವರ್ಷ ತುಂಬಿದ್ದು 65 ವರ್ಷ ತುಂಬಿರಬಾರದು. ನಡತೆ ಮತ್ತು ಪೂರ್ವಚರಿತ್ರೆಯ ಬಗ್ಗೆ ಏಜೆನ್ಸಿಗೆ ತೃಪ್ತಿಯಾಗಬೇಕು. ನಿಗದಿತ ತರಬೇತಿ ಮುಗಿಸಿರಬೇಕು. ದೈಹಿಕ ಅರ್ಹತೆ ಹೊಂದಿರಬೇಕು. ನ್ಯಾಯಾಲಯದಿಂದ ಶಿಕ್ಷೆಗೊಳಗಾದವರನ್ನು, ಸೇನೆ, ಪೊಲೀಸ್, ಸರ್ಕಾರಿ ಸೇವೆ ಅಥವಾ ಬೇರೊಂದು ಏಜೆನ್ಸಿಯಿಂದ ದುರ್ನಡತೆಗಾಗಿ ವಜಾ ಆದವರನ್ನು ನೇಮಿಸಿಕೊಳ್ಳುವಂತಿಲ್ಲ. ಕೇವಲ ದೂರು ದಾಖಲಾಗಿರುವುದು ಶಿಕ್ಷೆಯಲ್ಲ. ಆದರೂ ಅಂತಹ ಸಂಗತಿಯನ್ನು ಅರ್ಜಿಯಲ್ಲಿ ಮುಚ್ಚಿಡುವುದರಿಂದ ಆಗುವ ಹಾನಿ ತಿಳಿಸುವುದರಿಂದ ಆಗುವ ಹಾನಿಗಿಂತ ಹೆಚ್ಚು.

ಮಾಜಿ ಸೈನಿಕರು, ಮಾಜಿ ಪೊಲೀಸರು ಮತ್ತು ಗೃಹರಕ್ಷಕರಿಗೆ ಆದ್ಯತೆ ನೀಡಲು ಇದೇ ಪ್ರಕರಣದಲ್ಲಿ ಅವಕಾಶವಿದೆ. ಗೃಹರಕ್ಷಕ ದಳದಲ್ಲಿದ್ದು ಜಾತ್ರೆ, ಚುನಾವಣೆಗಳ ಬಂದೋಬಸ್ತ್ ಕರ್ತವ್ಯ ಮಾಡಿದವರು ಆ ಸೇವಾ ಪ್ರಮಾಣಪತ್ರವನ್ನು ತಪ್ಪದೆ ಲಗತ್ತಿಸುವುದು ಒಳಿತು. ಇದು ತಿಳಿಯದೆ ಬಿಟ್ಟುಬಿಡುವವರೇ ಹೆಚ್ಚು.

ಅಧಿನಿಯಮವು ಮಹಿಳೆಯರಿಗೂ ಪುರುಷರಿಗೂ ಭೇದ ಮಾಡಿಲ್ಲ. ಆಸ್ಪತ್ರೆ, ಕಾಲೇಜು, ವಸತಿ ನಿಲಯಗಳಲ್ಲಿ ಮಹಿಳೆಯರ ತಪಾಸಣೆಗೆ ಮಹಿಳಾ ಸಿಬ್ಬಂದಿಯೇ ಬೇಕಾಗುತ್ತದೆ. ವಿದ್ಯಾರ್ಹತೆಯನ್ನು ಅಧಿನಿಯಮ ಗೊತ್ತುಪಡಿಸಿಲ್ಲವಾದರೂ, ಗುರುತಿನ ಚೀಟಿಗಳಲ್ಲಿ ಮತ್ತು ಉಪಕರಣಗಳ ಮೇಲೆ ಬರುವ ಇಂಗ್ಲಿಷ್ ಅಕ್ಷರ ಹಾಗೂ ಅಂಕಿಗಳನ್ನು ಓದಲು ಬರಬೇಕು.

ದೈಹಿಕ ಅರ್ಹತೆ

ಕೇಂದ್ರದ ಮಾದರಿ ನಿಯಮಗಳಲ್ಲಿ ಸೂಚಿಸಿದಂತೆ ಪುರುಷರಿಗೆ 160 ಸೆಂ.ಮೀ., ಮಹಿಳೆಯರಿಗೆ 150 ಸೆಂ.ಮೀ. ಎತ್ತರ, ಪುರುಷರಿಗೆ 80 ಸೆಂ.ಮೀ. ಎದೆಯ ಸುತ್ತಳತೆ ಹಾಗೂ 4 ಸೆಂ.ಮೀ. ವಿಸ್ತರಣೆ. ಕನ್ನಡಕವಿದ್ದರೂ ಅಡ್ಡಿಯಿಲ್ಲ, ಆದರೆ ಬಣ್ಣಗುರುಡು ಇರಬಾರದು. ಮಾತು ಮತ್ತು ಎಚ್ಚರಿಕೆ ಗಂಟೆ ಸ್ಪಷ್ಟವಾಗಿ ಕೇಳಿಸಬೇಕು. ಚಪ್ಪಟೆ ಪಾದ, ಮೊಣಕಾಲು ತಾಗುವ ದೋಷ ಇರಕೂಡದು. ಒಂದು ಕಿಲೋಮೀಟರ್ ದೂರವನ್ನು ಆರು ನಿಮಿಷದಲ್ಲಿ ಓಡಬೇಕು. ಹೊಲದ ಕೆಲಸ ಮಾಡಿದವರಿಗೆ ಈ ಓಟ ಕಷ್ಟವಲ್ಲ. ತೊಡಕಾಗುವುದು ಸಾಮಾನ್ಯವಾಗಿ ಬಣ್ಣಗುರುಡಿನ ಪರೀಕ್ಷೆಯಲ್ಲಿ, ಏಕೆಂದರೆ ಅದು ತಮಗಿದೆಯೆಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ಆದಕಾರಣ ಊರು ಬಿಡುವ ಮುನ್ನವೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು, ಕಿವಿ ತೋರಿಸಿಕೊಂಡಲ್ಲಿ ಪ್ರಯಾಣದ ಖರ್ಚು ಉಳಿಯುತ್ತದೆ.

ತರಬೇತಿ

ಹೊಸಬರಿಗೆ 100 ಗಂಟೆ ತರಗತಿ ಪಾಠ ಮತ್ತು 60 ಗಂಟೆ ಕ್ಷೇತ್ರ ತರಬೇತಿಯನ್ನು ಕನಿಷ್ಠ 20 ಕೆಲಸದ ದಿನಗಳಲ್ಲಿ ನೀಡತಕ್ಕದ್ದು. ಮಾಜಿ ಸೈನಿಕರು ಮತ್ತು ಮಾಜಿ ಪೊಲೀಸರಿಗೆ 40 ಮತ್ತು 16 ಗಂಟೆ, ಕನಿಷ್ಠ 7 ಕೆಲಸದ ದಿನ. ಸಮವಸ್ತ್ರ ಧರಿಸುವ ಕ್ರಮ, ಬೆಂಕಿ ನಂದಿಸುವುದು, ಜನಸಂದಣಿ ನಿಭಾಯಿಸುವುದು, ಗುರುತಿನ ದಾಖಲೆಗಳ ಪರಿಶೀಲನೆ, ಪ್ರಥಮ ಚಿಕಿತ್ಸೆ, ಸ್ಫೋಟಕಗಳನ್ನು ಗುರುತಿಸುವುದು, ಆತ್ಮರಕ್ಷಣೆಯ ಹಕ್ಕು, ಠಾಣೆಯಲ್ಲಿ ಪ್ರಥಮ ವರ್ತಮಾನ ವರದಿ ದಾಖಲಿಸುವ ವಿಧಾನ ಮುಂತಾದವು ಪಾಠದಲ್ಲಿ ಸೇರಿವೆ. ಒಂದೇ ದಿನದಲ್ಲಿ ತರಬೇತಿ ಪ್ರಮಾಣಪತ್ರ ಕೈಗೆ ಕೊಟ್ಟರೆ ಅದು ತರಬೇತಿಯ ಪತ್ರವಲ್ಲವೆಂದೇ ತಿಳಿಯಬೇಕು. ಅಂತಹ ಪತ್ರ ಹಿಡಿದು ಬೆಂಕಿ ಬಿದ್ದ ಕಟ್ಟಡದ ಬಾಗಿಲಲ್ಲಿ ನಿಲ್ಲಬೇಕಾದವನು ಪತ್ರ ಕೊಟ್ಟವನಲ್ಲ, ಪಡೆದವನು.

ನಡತೆ ಪರಿಶೀಲನೆ ಮತ್ತು ವಿಳಾಸದ ತೊಡಕು

ಪೂರ್ವಚರಿತ್ರೆಯ ಪರಿಶೀಲನೆಯು ಅಭ್ಯರ್ಥಿಯ ವಾಸಸ್ಥಳದ ಪೊಲೀಸ್ ಠಾಣೆಯ ಮೂಲಕ ನಡೆಯುತ್ತದೆ. ರಾಜ್ಯದಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ.

ಈ ಭಾಗದ ಅಭ್ಯರ್ಥಿಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 2021ರಲ್ಲಿ. ಅದಕ್ಕೂ ಮೊದಲಿನ ಶಾಲಾ ದಾಖಲೆ, ಅಂಕಪಟ್ಟಿ, ಪಡಿತರ ಚೀಟಿಗಳಲ್ಲಿ ಹೊಳಲು "ಬಳ್ಳಾರಿ ಜಿಲ್ಲೆ" ಎಂದೇ ಇರುತ್ತದೆ. ಹರಪನಹಳ್ಳಿ ತಾಲ್ಲೂಕಿನವರದು ಇನ್ನೂ ಒಂದು ಸುತ್ತು ಹೆಚ್ಚು: ಆ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, ಬಳಿಕ ವಿಜಯನಗರಕ್ಕೆ ಸೇರಿತು. ಒಂದೇ ಮನೆಯಲ್ಲಿ ವಾಸವಿರುವ ಒಬ್ಬನೇ ವ್ಯಕ್ತಿಯ ದಾಖಲೆಗಳಲ್ಲಿ ಮೂರು ಜಿಲ್ಲೆಗಳ ಹೆಸರು ಕಾಣಬಹುದು. ಬೆಂಗಳೂರಿನ ಏಜೆನ್ಸಿಯೊಂದರ ಗುಮಾಸ್ತನಿಗೆ ಈ ಇತಿಹಾಸ ತಿಳಿದಿರುವುದಿಲ್ಲ. ವಿಳಾಸ ಹೊಂದುತ್ತಿಲ್ಲವೆಂದು ಅರ್ಜಿಯನ್ನು ಬದಿಗಿಡುತ್ತಾನೆ. ಆದ್ದರಿಂದ ಆಧಾರ್ ಕಾರ್ಡಿನಲ್ಲಿ ಜಿಲ್ಲೆಯ ಹೆಸರನ್ನು ಸರಿಪಡಿಸಿಕೊಂಡು, ಅರ್ಜಿಯಲ್ಲಿ "ಹಿಂದಿನ ಬಳ್ಳಾರಿ ಜಿಲ್ಲೆ" ಎಂದು ಸ್ಪಷ್ಟವಾಗಿ ಬರೆಯುವುದು ಸೂಕ್ತ. ಶಾಲಾ ದಾಖಲೆಯಲ್ಲಿನ ಜನ್ಮದಿನಾಂಕ ಹಾಗೂ ಹೆಸರಿನ ಅಕ್ಷರಗಳು ಆಧಾರ್‌ಗೆ ಹೊಂದುತ್ತಿವೆಯೇ ಎಂಬುದನ್ನೂ ಇದೇ ಸಂದರ್ಭದಲ್ಲಿ ನೋಡಿಕೊಳ್ಳಬೇಕು. ಮುಂದೆ ಭವಿಷ್ಯ ನಿಧಿಯ ಹಣ ತೆಗೆಯುವಾಗ ಇದೇ ವ್ಯತ್ಯಾಸ ಅಡ್ಡ ಬರುತ್ತದೆ.

ಜಾತಿ, ಆದಾಯ ಪ್ರಮಾಣಪತ್ರಗಳಾಗಲಿ, 371(ಜೆ) ಅರ್ಹತಾ ಪ್ರಮಾಣಪತ್ರವಾಗಲಿ ಖಾಸಗಿ ಏಜೆನ್ಸಿಯ ನೇಮಕಾತಿಗೆ ಅಗತ್ಯವಿಲ್ಲ. ಇವುಗಳಿಗಾಗಿ ನಾಡಕಛೇರಿಗೆ ಅಲೆಯಬೇಕಾಗಿಲ್ಲ.

ಮೂಲ ದಾಖಲೆಗಳನ್ನು ಕೊಡಬಾರದು

ಏಜೆನ್ಸಿಗೆ ಕೊಡಬೇಕಾದುದು ನಕಲು ಪ್ರತಿ ಮಾತ್ರ. ಮೂಲ ಪ್ರತಿಯನ್ನು ತೋರಿಸಿ ಅಲ್ಲೇ ಹಿಂದಕ್ಕೆ ಪಡೆಯತಕ್ಕದ್ದು. ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿಯನ್ನು ಒತ್ತೆಯಂತೆ ಇಟ್ಟುಕೊಂಡು, ಕೆಲಸ ಬಿಡುವಾಗ ಹಣ ಕೇಳುವ ಪದ್ಧತಿ ಕೆಲವೆಡೆ ಇದೆ. ಮೂಲ ದಾಖಲೆಯನ್ನು ಹೀಗೆ ಇಟ್ಟುಕೊಳ್ಳಲು ಯಾವ ಏಜೆನ್ಸಿಗೂ ಅಧಿನಿಯಮದಲ್ಲಿ ಅಧಿಕಾರವಿಲ್ಲ. ಠೇವಣಿ, ನೋಂದಣಿ ಶುಲ್ಕ ಎಂದು ಹಣ ಕೇಳಿದಲ್ಲಿ ರಸೀದಿ ಕೇಳಬೇಕು. ರಸೀದಿ ಕೇಳಿದೊಡನೆ ಮಾತು ಬದಲಾದರೆ ಆ ಏಜೆನ್ಸಿಯ ಸಹವಾಸ ಬೇಡ.

ವೇತನದ ಲೆಕ್ಕ

2025ರ ನವೆಂಬರ್ 21ರಿಂದ ವೇತನ ಸಂಹಿತೆ, 2019 ಸೇರಿದಂತೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕಾತಿ ಪತ್ರವನ್ನು ಲಿಖಿತವಾಗಿ ನೀಡುವುದು ಕಡ್ಡಾಯ. ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ದಿನ ಕಳೆಯುವುದರೊಳಗೆ ಪಾವತಿಸಬೇಕು. ನಿಗದಿತ ಅವಧಿ ಮೀರಿದ ಕೆಲಸಕ್ಕೆ ಎರಡು ಪಟ್ಟು ದರ ಸಲ್ಲಬೇಕು. ಹನ್ನೆರಡು ಗಂಟೆಯ ಪಾಳಿಗೆ ಒಪ್ಪುವ ಮೊದಲು, ಹೇಳಿದ ಸಂಬಳ ಎಂಟು ಗಂಟೆಯದೋ ಹನ್ನೆರಡು ಗಂಟೆಯದೋ ಎಂದು ಕೇಳಿಕೊಳ್ಳುವುದು ಅತ್ಯಗತ್ಯ. ಬಾಯಲ್ಲಿ ದೊಡ್ಡದಾಗಿ ಕೇಳಿಸುವ ಮೊತ್ತ ಗಂಟೆಗೆ ಹಂಚಿದಾಗ ಚಿಕ್ಕದಾಗುತ್ತದೆ.

ಕಡಿತಗಳ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ವೇತನ 15,000 ರೂಪಾಯಿ ಎಂದಿಟ್ಟುಕೊಂಡಲ್ಲಿ, ಭವಿಷ್ಯ ನಿಧಿಗೆ ನೌಕರನ ವಂತಿಗೆ ಶೇ. 12ರಂತೆ 1,800 ರೂಪಾಯಿ. ಇಎಸ್‌ಐ ವಂತಿಗೆ ಶೇ. 0.75ರಂತೆ ಪೂರ್ಣಾಂಕಕ್ಕೆ ಏರಿಸಿ 113 ರೂಪಾಯಿ. ಒಟ್ಟು ಕಡಿತ 1,913. ಕೈಗೆ ಬರಬೇಕಾದುದು 13,087. ಇದಲ್ಲದೆ ಏಜೆನ್ಸಿ ತನ್ನ ಪಾಲನ್ನು, ಅಂದರೆ ಭವಿಷ್ಯ ನಿಧಿಗೆ ಶೇ. 12 ಮತ್ತು ಇಎಸ್‌ಐಗೆ ಶೇ. 3.25ನ್ನು, ತನ್ನ ಕೈಯಿಂದ ತುಂಬಬೇಕು. ಕೆಲವೆಡೆ ಎರಡೂ ಪಾಲುಗಳನ್ನು ನೌಕರನ ವೇತನದಿಂದಲೇ ಮುರಿಯಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಹಾಗೆ ಮಾಡಿದರೆ ತಿಂಗಳಿಗೆ 2,288 ರೂಪಾಯಿ, ವರ್ಷಕ್ಕೆ 27,456 ರೂಪಾಯಿ ನಷ್ಟ. ಕಾನೂನು ಇದನ್ನು ಒಪ್ಪುವುದಿಲ್ಲ. ಸಂಬಳದ ಚೀಟಿಯನ್ನು ಪ್ರತಿ ತಿಂಗಳೂ ಕೇಳಿ ಪಡೆದು, ಭವಿಷ್ಯ ನಿಧಿಯ ಯುಎಎನ್ ಸಂಖ್ಯೆಯ ಖಾತೆಯಲ್ಲಿ ಹಣ ಜಮಾ ಆಗಿದೆಯೇ ಎಂದು ಮೊಬೈಲ್‌ನಲ್ಲಿಯೇ ನೋಡಬಹುದು. ವೇತನ ಪಾವತಿಯಾಗದಿದ್ದಲ್ಲಿ ಅಥವಾ ಅಕ್ರಮ ಕಡಿತವಾದಲ್ಲಿ ಕಾರ್ಮಿಕ ಇಲಾಖೆಯ ಸ್ಥಳೀಯ ಕಛೇರಿಗೆ ಸಂಬಳದ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್ ಸಹಿತ ದೂರು ನೀಡತಕ್ಕದ್ದು.

ಕರ್ತವ್ಯದ ಮಿತಿ

ಕಾವಲುಗಾರನು ಪೊಲೀಸನಲ್ಲ. ಸೇನೆ ಅಥವಾ ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪು ಧರಿಸಿದರೆ ಆತನೂ ಏಜೆನ್ಸಿಯ ಮಾಲೀಕನೂ ಒಂದು ವರ್ಷದವರೆಗೆ ಕಾರಾವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡಕ್ಕೂ ಗುರಿಯಾಗಬಹುದು. ಬಟ್ಟೆ ಕೊಟ್ಟವರು ಏಜೆನ್ಸಿಯವರೆಂಬ ಕಾರಣಕ್ಕೆ ಕಾವಲುಗಾರನಿಗೆ ವಿನಾಯಿತಿ ಇಲ್ಲ. ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಏಜೆನ್ಸಿ ನೀಡಬೇಕು; ಅದನ್ನು ಕರ್ತವ್ಯದಲ್ಲಿರುವಾಗ ಹೊರ ಉಡುಪಿನ ಮೇಲೆ, ಸೊಂಟಕ್ಕಿಂತ ಮೇಲೆ, ಎಲ್ಲರಿಗೂ ಕಾಣುವಂತೆ ಧರಿಸಬೇಕು.

ಕಳ್ಳನನ್ನು ಹಿಡಿದಾಗ ಏನು ಮಾಡಬೇಕೆಂಬುದು ಪದೇ ಪದೇ ಕೇಳಿಬರುವ ಪ್ರಶ್ನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಪ್ರಕರಣದ ಮೇರೆಗೆ, ತನ್ನ ಎದುರಿನಲ್ಲೇ ಸಂಜ್ಞೇಯವೂ ಜಾಮೀನುರಹಿತವೂ ಆದ ಅಪರಾಧವೆಸಗಿದವನನ್ನು ಯಾವುದೇ ಖಾಸಗಿ ವ್ಯಕ್ತಿ ಹಿಡಿಯಬಹುದು; ಆದರೆ ಅನಗತ್ಯ ವಿಳಂಬವಿಲ್ಲದೆ, ಆರು ಗಂಟೆಯೊಳಗಾಗಿ ಪೊಲೀಸರಿಗೆ ಒಪ್ಪಿಸತಕ್ಕದ್ದು. ಕೋಣೆಯಲ್ಲಿ ಕೂಡಿಹಾಕಿ ವಿಚಾರಣೆ ಮಾಡುವುದು, ಹೊಡೆಯುವುದು ಅಪರಾಧ. ಮಾಲೀಕರ ಆಜ್ಞೆಯಂತೆ ಮಾಡಿದೆ ಎಂಬ ಸಮಜಾಯಿಷಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಬಂದೂಕುಧಾರಿ ಕಾವಲುಗಾರನಾಗಲು ಆಯುಧ ಅಧಿನಿಯಮ, 1959ರ ಅಡಿಯಲ್ಲಿ ಪ್ರತ್ಯೇಕ ಪರವಾನಗಿ ಬೇಕು. ಬೇರೊಬ್ಬರ ಹೆಸರಿನ ಬಂದೂಕನ್ನು ಹಿಡಿದು ನಿಲ್ಲಲು ಒಪ್ಪಬಾರದು.

ಕೆಲಸ ಬಿಡುವಾಗ

ಗುರುತಿನ ಚೀಟಿಯನ್ನು ಏಜೆನ್ಸಿಗೆ ಹಿಂತಿರುಗಿಸಿ ಸ್ವೀಕೃತಿ ಪಡೆಯಬೇಕು. ಚೀಟಿ ಕಳೆದುಹೋಗಿದ್ದಲ್ಲಿ ಕೂಡಲೇ ಏಜೆನ್ಸಿಗೆ ಲಿಖಿತವಾಗಿ ತಿಳಿಸಬೇಕು. ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಸಲ್ಲಬೇಕು. ಬಿಡುಗಡೆ ಪತ್ರ ಮತ್ತು ತರಬೇತಿ ಪ್ರಮಾಣಪತ್ರವನ್ನು ಜೋಪಾನವಾಗಿಟ್ಟುಕೊಂಡು, ಮುಂದಿನ ಏಜೆನ್ಸಿಗೆ ಅದೇ ಯುಎಎನ್ ಸಂಖ್ಯೆಯನ್ನು ನೀಡತಕ್ಕದ್ದು. ಪ್ರತಿ ಕೆಲಸಕ್ಕೂ ಹೊಸ ಸಂಖ್ಯೆ ಮಾಡಿಸಿದಲ್ಲಿ ಹಳೆಯ ಖಾತೆಗಳ ಹಣ ಚದುರಿಹೋಗುತ್ತದೆ.