ಹಾರುವ ದೂರ, ತಲುಪುವ ಹೊತ್ತು

ಗಂಗಾವತಿ ತಾಲೂಕಿನ ಆನೆಗೊಂದಿಯ ಬಳಿ ಅಂಜನಾದ್ರಿ ಬೆಟ್ಟವಿದೆ. ಹನುಮಂತ ಹುಟ್ಟಿದ್ದು ಅಲ್ಲಿಯೇ ಎಂಬುದು ನಮ್ಮ ಸೀಮೆಯ ನಂಬಿಕೆ. ಆತ ನಿಂತಲ್ಲಿಂದ ನೆಗೆದು, ಸೇರಬೇಕಾದಲ್ಲಿಯೇ ಇಳಿದವನು. ನಮಗೆ ಆ ಭಾಗ್ಯವಿಲ್ಲ. ನಾವು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಮಾತ್ರ ಹಾರಬಲ್ಲೆವು. ಈ ಭೇದವನ್ನು ಮರೆತು ನಾನೊಮ್ಮೆ ಕೆಟ್ಟೆ.

ಯಲಬುರ್ಗಾದಲ್ಲಿ ನಮ್ಮ ಕಾಕಾ ತೀರಿಕೊಂಡ ಸುದ್ದಿ ಬೆಂಗಳೂರಿನಲ್ಲಿದ್ದ ನನಗೆ ಬೆಳಿಗ್ಗೆ ಮುಟ್ಟಿತು. “ಎಷ್ಟೊತ್ತಿಗೆ ಬರತೀಯೋ ತಮ್ಮಾ? ಮಣ್ಣಿಗೆ ಕಾಯೋಣೇನು?” ಎಂದು ಕಾಕಾನ ಹಿರಿಯ ಮಗ ಕೇಳಿದ. “ಹುಬ್ಬಳ್ಳಿಗೆ ವಿಮಾನದಾಗ ಒಂದು ತಾಸಿನ ಹಾದಿ ಐತಿ ಅಣ್ಣಾ, ಮಧ್ಯಾಹ್ನದೊಳಗ ಬರತೀನಿ” ಎಂದೆ.

ಆ ಒಂದು ತಾಸಿನ ಲೆಕ್ಕ ಸುಳ್ಳಲ್ಲ. ಬೆಂಗಳೂರಿನ ನಿಲ್ದಾಣಕ್ಕೂ ಹುಬ್ಬಳ್ಳಿಯ ನಿಲ್ದಾಣಕ್ಕೂ ಅಕ್ಷಾಂಶದಲ್ಲಿ 2.16 ಡಿಗ್ರಿ, ರೇಖಾಂಶದಲ್ಲಿ 2.62 ಡಿಗ್ರಿ ಅಂತರ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರು. ರೇಖಾಂಶದ ಡಿಗ್ರಿ ಧ್ರುವದತ್ತ ಸಾಗಿದಂತೆ ಕಿರಿದಾಗುತ್ತ ಹೋಗಿ ನಮ್ಮಲ್ಲಿ ಸುಮಾರು 108 ಆಗುತ್ತದೆ. ಹೀಗೆ ಉತ್ತರಕ್ಕೆ 240, ಪಶ್ಚಿಮಕ್ಕೆ 283 ಕಿಲೋಮೀಟರು. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಕೋನದ ಸೂತ್ರವನ್ನು ಅನ್ವಯಿಸಿದರೆ ಹಾರುವ ದೂರ ಸುಮಾರು 370 ಕಿಲೋಮೀಟರು. ಗಂಟೆಗೆ 500 ಕಿಲೋಮೀಟರು ಸಾಗುವ ಸಣ್ಣ ವಿಮಾನಕ್ಕೆ ಇದು ಮುಕ್ಕಾಲು ತಾಸು. ಆದರೆ ವೇಳಾಪಟ್ಟಿಯ ಹೊತ್ತು ವಿಮಾನ ತಂಗುದಾಣದಿಂದ ಕದಲಿದ ಕ್ಷಣದಿಂದ, ಇನ್ನೊಂದೆಡೆ ನಿಶ್ಚಲವಾಗುವವರೆಗೆ. ಓಡುಹಾದಿಗೆ ತೆವಳುವುದು, ಮೇಲೇರುವುದು, ಇಳಿಯಲು ಸುತ್ತುವುದು ಎಲ್ಲವೂ ಅದರೊಳಗೆ ಸೇರಿ, ಮುಕ್ಕಾಲು ತಾಸು ಒಂದು ತಾಸನ್ನು ಮೀರುತ್ತದೆ.

ವೇಳಾಪಟ್ಟಿಯ ಹೊರಗೆ ಉಳಿಯುವುದೇ ಹೆಚ್ಚು. ಬೆಂಗಳೂರಿನ ಮನೆಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಎರಡು ತಾಸು, ಅಲ್ಲಿ ತಪಾಸಣೆಗೆಂದು ಮುಂಚಿತವಾಗಿ ಕಾಯುವುದು ಇನ್ನೂ ಒಂದೂವರೆ ತಾಸು. ಯಲಬುರ್ಗಾವಾದರೋ ದೇವನಹಳ್ಳಿಯಿಂದ ನೇರ ಗೆರೆಯಲ್ಲಿ ಸುಮಾರು 320 ಕಿಲೋಮೀಟರು ಮಾತ್ರ. ನಾನು 370 ಹಾರಿ, ಊರನ್ನು ದಾಟಿ ಪಶ್ಚಿಮಕ್ಕೆ ಹೋಗಿ, ಗದುಗಿನ ಹಾದಿಯಲ್ಲಿ ನೂರು ಕಿಲೋಮೀಟರಿಗೂ ಮಿಕ್ಕಿ ಹಿಂದಿರುಗಬೇಕಾಯಿತು. ಅದಕ್ಕೆ ಎರಡೂವರೆ ತಾಸು. ಕೂಡಿಸಿ ನೋಡಿದರೆ ಏಳು ತಾಸು. ಮುಂಜಾನೆಯೇ ಕಾರು ಹತ್ತಿದ್ದರೂ ಅಷ್ಟರಲ್ಲಿಯೇ ಊರು ಸೇರುತ್ತಿದ್ದೆ. ಮೊದಲ ವಿಮಾನ ನನಗಾಗಿ ಕಾದಿರಲೂ ಇಲ್ಲ, ಸಿಕ್ಕಿದ್ದು ಮಧ್ಯಾಹ್ನದ್ದು.

2017ರಲ್ಲಿ ಉಡಾನ್ ಯೋಜನೆಯಡಿ ತೋರಣಗಲ್ಲಿನ ಬಳಿಯ ವಿದ್ಯಾನಗರಕ್ಕೆ ವಿಮಾನಗಳು ಹಾರಿದಾಗ ನಮ್ಮ ಸೀಮೆಯವರು ಹಿಗ್ಗಿದ್ದುಂಟು. ಬೆಂಗಳೂರಿನಿಂದ ಅದು ಸುಮಾರು 250 ಕಿಲೋಮೀಟರು. ಹಾಗಿದ್ದರೂ ಕುಷ್ಟಗಿಯವನಿಗೆ ಅಥವಾ ಯಲಬುರ್ಗಾದವನಿಗೆ ಕೇಳತಕ್ಕ ಪ್ರಶ್ನೆ ಒಂದೇ: ಹೊಸ್ತಿಲಿನಿಂದ ಹೊಸ್ತಿಲಿಗೆ ಎಷ್ಟು ಹೊತ್ತು?

ನಾನು ಊರು ಮುಟ್ಟಿದಾಗ ದೀಪ ಹಚ್ಚಿದ್ದರು. ಹೊತ್ತು ಇಳಿಯುವ ತನಕ ನನಗಾಗಿ ಕಾದು, ಬಳಿಕ ಮಣ್ಣು ಕೊಟ್ಟು ಬಂದಿದ್ದರು. ಅಣ್ಣ ಏನೂ ಅನ್ನಲಿಲ್ಲ. ಕಾಲಿಗೆ ನೀರು ಕೊಟ್ಟ. ಅಂದಿನಿಂದ ಯಾರಾದರೂ ಎಷ್ಟು ಹೊತ್ತಿನ ಹಾದಿ ಎಂದು ಕೇಳಿದರೆ, ಮೊದಲು ಮನೆಯ ಬಾಗಿಲಿನಿಂದ ಎಣಿಸತೊಡಗುತ್ತೇನೆ.