ಆದಿಮಾನವನ ಹಳ್ಳಿ: ಆಟ ಯಾವ ಕಡೆಗೆ ಬೆಳೆಯಬೇಕು?

ನಿಮ್ಮ ಮನೆಯ ಹುಡುಗರು ಕಂಪ್ಯೂಟರಿನ ಮುಂದೆ ಗಂಟೆಗಟ್ಟಲೆ ಕುಳಿತು ಏನು ಮಾಡುತ್ತಿರುತ್ತಾರೆಂದು ನೀವು ಎಂದಾದರೂ ಇಣುಕಿ ನೋಡಿದ್ದುಂಟೆ? ಗುಂಡಿನ ಕಾಳಗವೇ ಇರಬೇಕೆಂದು ನೀವು ಭಾವಿಸಿದರೆ ತಪ್ಪೇನೂ ಇಲ್ಲ. ಬಹಳ ಆಟಗಳು ಹಾಗೆಯೇ ಇವೆ. ಆದರೆ ಕೆಲವರು ಅಲ್ಲಿ ಕುಳಿತು ಚರ್ಮ ಹದಮಾಡಿಸುತ್ತಿರುತ್ತಾರೆ, ಮಾಂಸ ಒಣಗಿಸುತ್ತಿರುತ್ತಾರೆ, ಚಳಿಗಾಲದೊಳಗೆ ಸೌದೆ ಸಾಕಾದೀತೆ ಎಂದು ಚಿಂತಿಸುತ್ತಿರುತ್ತಾರೆ.

ಅಂಥ ಆಟಗಳಲ್ಲಿ ಒಂದು ‘ಡಾನ್ ಆಫ್ ಮ್ಯಾನ್’. ಮಾನವನ ಅರುಣೋದಯವೆಂದು ಕರೆಯಬಹುದು. ಮದ್ರುಗಾ ವರ್ಕ್ಸ್ ಎಂಬ ಸಣ್ಣ ಸಂಸ್ಥೆ ಇದನ್ನು 2019ರ ಮಾರ್ಚ್ ತಿಂಗಳಲ್ಲಿ ಹೊರತಂದಿತು. ಆಟ ಆರಂಭವಾದಾಗ ನಿಮ್ಮ ವಶಕ್ಕೆ ಬರುವುದು ಕೆಲವು ಚರ್ಮದ ಗುಡಾರಗಳು ಮತ್ತು ಬೆರಳೆಣಿಕೆಯ ಜನ. ಅವರು ಕಡ್ಡಿ, ಚಕಮಕಿ ಕಲ್ಲು, ಕಾಡುಹಣ್ಣು ಆಯ್ದು ತರುತ್ತಾರೆ, ಜಿಂಕೆಯನ್ನು ಬೇಟೆಯಾಡುತ್ತಾರೆ, ಧೈರ್ಯವಿದ್ದರೆ ಮ್ಯಾಮತ್ ಎಂಬ ಉಣ್ಣೆಮೈಯ ಆನೆಯ ಬೆನ್ನು ಹತ್ತುತ್ತಾರೆ. ಇಂಥ ಸಾಧನೆಗಳಿಗೆ ಜ್ಞಾನದ ಅಂಕಗಳು ದೊರೆಯುತ್ತವೆ. ಆ ಅಂಕಗಳನ್ನು ಕೊಟ್ಟು ನಾಯಿ ಸಾಕುವುದನ್ನೋ ಬೀಜ ಬಿತ್ತುವುದನ್ನೋ ಲೋಹ ಕರಗಿಸುವುದನ್ನೋ ಕಲಿಯಬೇಕು. ಹಳೆಯ ಶಿಲಾಯುಗದಿಂದ ಹೊರಟು ಮಧ್ಯ ಶಿಲಾಯುಗ, ನವಶಿಲಾಯುಗ, ತಾಮ್ರಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂದು ಆರು ಮೆಟ್ಟಿಲು. ಆರನೆಯದರ ಮೇಲೆ ಏಣಿ ಮುಗಿಯಿತು.

ನಾನು ಕಟ್ಟಿದ ಮೊದಲ ಊರು ಎರಡನೆಯ ಮೆಟ್ಟಿಲನ್ನೂ ಮುಟ್ಟಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಬೇಸಗೆಯಲ್ಲಿ ಉತ್ಸಾಹದಿಂದ ಗುಡಾರದ ಮೇಲೆ ಗುಡಾರ ಹಾಕಿಸಿದೆ. ಬೆಚ್ಚನೆಯ ಉಡುಪು ಹೊಲಿಸುವುದನ್ನು ಮರೆತೆ. ಹಿಮ ಬಿದ್ದ ಮೇಲೆ ಸೌದೆಗೆಂದು ದೂರ ಹೋದವರು ಒಬ್ಬೊಬ್ಬರಾಗಿ ಕುಸಿದರು. ಗೃಹಕೃತ್ಯ ಬಲ್ಲ ಯಾವ ಹೆಂಗಸೂ ಮಾಡದ ತಪ್ಪು!

ಈಗ ಆಟವಾಡಿ ಪಳಗಿದವರ ಆಸೆಯ ಮಾತಿಗೆ ಬರೋಣ. ಕಬ್ಬಿಣದ ಯುಗ ಮುಟ್ಟಿ, ಕೋಟೆ ಕಟ್ಟಿ, ದಾಳಿಕಾರರನ್ನು ಅಟ್ಟಿದ ಮೇಲೆ ‘ಇನ್ನೇನು?’ ಎಂಬ ಪ್ರಶ್ನೆ ಏಳುತ್ತದೆ. ಕೂಡಲೇ ಬರುವ ಉತ್ತರ, ಇನ್ನೊಂದು ಮೆಟ್ಟಿಲು ಕೊಡಿ ಎಂಬುದು. ರೋಮನರ ಕಾಲ ಬರಲಿ, ನಗರಗಳು ಏಳಲಿ, ಕುದುರೆಯ ದಂಡು ನಡೆಯಲಿ. ಆಸೆ ಸಹಜವೇ. ಆದರೆ ನಗರ ಕಟ್ಟುವ ಆಟಗಳಿಗೆ ಬರಗಾಲವಿಲ್ಲ. ರೋಮಿನ ಮೇಲೆಯೇ ಬೇಕಾದಷ್ಟಿವೆ. ಈ ಆಟದ ಸೊಗಸಿರುವುದು ತಳದ ಮೂರು ಮೆಟ್ಟಿಲುಗಳಲ್ಲಿ. ಬೆಳೆಸುವುದಾದರೆ ಅಲ್ಲಿಯೇ ಬೆಳೆಸಬೇಕೆಂಬುದು ನನ್ನ ಪಕ್ಷ. ಏಕೆಂದು ಹೇಳುತ್ತೇನೆ.

ಆಟದ ಹಳೆಯ ಶಿಲಾಯುಗದ ಜನ ಊರು ಬಿಟ್ಟು ಕದಲುವುದಿಲ್ಲ. ಗುಡಾರ ಹೂಡಿದ ಜಾಗದಲ್ಲಿಯೇ ಅವರ ಮಕ್ಕಳು ಗದ್ದುಗೆ ಗೋಡೆ ಕಟ್ಟಿ, ಮೊಮ್ಮಕ್ಕಳು ಕಬ್ಬಿಣ ಕರಗಿಸುತ್ತಾರೆ. ನಿಜವಾದ ಬೇಟೆಗಾರರು ಹೀಗಿದ್ದರೆ? ಫ್ರಾನ್ಸಿನಲ್ಲಿ ಸೇನ್ ನದಿಯ ದಡದ ಪ್ಯಾನ್‌ಸವಾ ಎಂಬಲ್ಲಿ ಆಂದ್ರೆ ಲರ್ವಾ-ಗುರ್ಹಾನ್ ಎಂಬ ವಿದ್ವಾಂಸರು 1964ರಿಂದ ಅಗೆಸಿದರು. ಅಲ್ಲಿ ಹಿಮಸಾರಂಗ ಬೇಟೆಗಾರರ ಒಲೆಗಳು, ಕಲ್ಲಿನ ಚೂರುಗಳು, ಎಲುಬುಗಳು ಬಿಟ್ಟುಹೋದಂತೆಯೇ ದೊರೆತವು. ಶರತ್ಕಾಲದಲ್ಲಿ ಸಾರಂಗದ ಹಿಂಡು ಹೊಳೆ ದಾಟುವ ಹೊತ್ತಿಗೆ ಬಂದು, ಬೇಟೆ ಮುಗಿಸಿ, ಜನ ಮುಂದೆ ನಡೆಯುತ್ತಿದ್ದರು. ಆದುದರಿಂದ ಮೊದಲು ಬೇಕಾದ ವಿಸ್ತರಣೆ ಗುಡಾರ ಕಿತ್ತುಕೊಂಡು ಹೊರಡುವ ಅವಕಾಶ. ಏನನ್ನು ಹೊತ್ತೊಯ್ಯಬೇಕು, ಏನನ್ನು ಬಿಡಬೇಕು, ನಡೆಯಲಾರದ ಮುದುಕರಿಗೆ ಏನು ಗತಿ ಎಂಬ ಪ್ರಶ್ನೆಗಳನ್ನು ಎದುರಿಸಿದಾಗಲೇ ಆ ಬದುಕಿನ ಭಾರ ಆಟಗಾರನಿಗೆ ತಿಳಿದೀತು.

ಇದು ಹೇಳಿದಷ್ಟು ಸುಲಭವಲ್ಲ. ಇಂಥ ಆಟದಲ್ಲಿ ಊರೆಂದರೆ ಕೆಲಸಗಳ ಒಂದು ಪಟ್ಟಿ. ಅಲ್ಲೊಂದು ಕಲ್ಲು ಹೊರಬೇಕು, ಇಲ್ಲೊಂದು ಚರ್ಮ ಒಣಗಿಸಬೇಕು ಎಂದು ಪಟ್ಟಿ ಬೆಳೆಯುತ್ತದೆ. ಕೈ ಬಿಡುವಾದವರು ಒಂದೊಂದನ್ನು ಎತ್ತಿಕೊಳ್ಳುತ್ತಾರೆ. ಪ್ರತಿಯೊಬ್ಬರ ದಾರಿಯನ್ನೂ ಯಂತ್ರ ಲೆಕ್ಕ ಹಾಕುತ್ತಲೇ ಇರಬೇಕು. ಅದಕ್ಕಾಗಿ ನೆಲಕ್ಕೊಂದು ಎಲ್ಲೆಯಿದೆ. ಆ ಎಲ್ಲೆಯಾಚೆ ಜಗತ್ತೇ ಇಲ್ಲ. ಗುಡಾರ ಕಿತ್ತವರು ಹೋಗುವುದೆಲ್ಲಿಗೆ? ಇನ್ನೊಂದು ನೆಲವನ್ನು ಸಿದ್ಧಪಡಿಸಿ, ಹಿಂದಿನದನ್ನು ಹಾಗೆಯೇ ನೆನಪಿಟ್ಟುಕೊಂಡು, ಮರುವರ್ಷ ಬಂದಾಗ ಹಳೆಯ ಒಲೆಯ ಕಲ್ಲುಗಳನ್ನು ತೋರಿಸಬೇಕು. ಸಣ್ಣ ಸಂಸ್ಥೆಗೆ ಇದು ದೊಡ್ಡ ಕೆಲಸವೇ ಸರಿ.

ನೆರೆಯವರ ವಿಷಯವೂ ಹಾಗೆಯೇ. ಆಟದಲ್ಲಿ ಹೊರಗಿನಿಂದ ಬರುವವರೆಂದರೆ ಸರಕು ತರುವ ವ್ಯಾಪಾರಿ, ಊರು ಸೇರಲು ಬರುವ ವಲಸೆಗಾರ, ಇಲ್ಲವೆ ಕೊಳ್ಳೆಹೊಡೆಯುವ ದಂಡು. ಎಲ್ಲಿಂದ ಬಂದರು? ಅವರಿಗೂ ಒಂದು ಊರಿಲ್ಲವೆ? ಪಕ್ಕದ ಕಣಿವೆಯಲ್ಲಿ ಇನ್ನೊಂದು ಹಳ್ಳಿಯಿರಲಿ, ಕೊಡುಕೊಳ್ಳುವಿಕೆ ನಡೆಯಲಿ, ಹೊಳೆಯಲ್ಲಿ ದೋಣಿ ಬರಲಿ ಎಂದು ಆಟಗಾರರು ಬಯಸುವುದು ನ್ಯಾಯವಾಗಿದೆ. ದೋಣಿ ಕಬ್ಬಿಣದ ಯುಗಕ್ಕೆ ಕಾಯಬೇಕಾಗಿಯೂ ಇಲ್ಲ. ನೆದರ್ಲೆಂಡ್ಸಿನ ಪೆಸ್ಸೆಯಲ್ಲಿ 1955ರಲ್ಲಿ ಹೆದ್ದಾರಿ ಮಾಡುವಾಗ ದೊರೆತ ಪೈನ್ ಮರದ ದೋಣಿ ಕ್ರಿ.ಪೂ. 8000ದ ಸುಮಾರಿನದು, ಮೂರು ಮೀಟರು ಉದ್ದದ ಒಂದೇ ದಿಮ್ಮಿ. ಇನ್ನು ನೆರೆಯವರ ಸ್ನೇಹ-ದ್ವೇಷಗಳಿಗೆ 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ ಓಟ್ಸಿ ಎಂಬ ಮನುಷ್ಯನೇ ಸಾಕ್ಷಿ. ಐದು ಸಾವಿರ ವರ್ಷಗಳಿಗೂ ಹಿಂದೆ ಸತ್ತವನು. ಅವನ ಕೊಡಲಿಯ ತಾಮ್ರ ದಕ್ಷಿಣದ ಟಸ್ಕನಿ ಪ್ರಾಂತದಿಂದ ಕೈಯಿಂದ ಕೈಗೆ ಬಂದದ್ದು; ಅವನ ಭುಜದಲ್ಲಿ ನಾಟಿಕೊಂಡಿದ್ದ ಬಾಣದ ಮೊನೆ ಯಾರೋ ಹಿಂದಿನಿಂದ ಬಿಟ್ಟದ್ದು.

ಆದರೆ ನನಗೆ ಎಲ್ಲಕ್ಕಿಂತ ಕೊರತೆಯಾಗಿ ಕಾಣುವುದು ಬಂಧುತ್ವ. ಆಟದ ಜನಕ್ಕೆ ಹೆಸರುಂಟು, ವಯಸ್ಸುಂಟು; ಹುಟ್ಟುತ್ತಾರೆ, ಮುಪ್ಪಾಗಿ ಸಾಯುತ್ತಾರೆ. ಒಬ್ಬ ಮುದುಕಿ ಸತ್ತರೆ ದುಡಿಯುವ ಒಂದು ಜೊತೆ ಕೈ ಕಡಿಮೆಯಾಯಿತೆಂದು ಲೆಕ್ಕ. ಯಾವ ಗಿಡದ ಕಾಯಿ ವಿಷವೆಂದು ಅವಳಿಗೆ ಗೊತ್ತಿತ್ತೆ? ಅವಳ ಮಗಳು ಯಾರ ಮನೆಗೆ ಹೋದಳು? ಇಂಗ್ಲೆಂಡಿನ ಹೇಜಲ್‌ಟನ್ ಎಂಬಲ್ಲಿ ಸುಮಾರು 5700 ವರ್ಷ ಹಳೆಯ ಸಮಾಧಿಯೊಂದಿದೆ. ಅಲ್ಲಿನ 35 ಜನರ ಅಸ್ಥಿಗಳಿಂದ ವಂಶವಾಹಿಗಳನ್ನು ಪರೀಕ್ಷಿಸಿದ ಫಲ 2021ರ ಕೊನೆಯಲ್ಲಿ ಪ್ರಕಟವಾಯಿತು. ಅವರಲ್ಲಿ 27 ಮಂದಿ ಒಂದೇ ಮನೆತನದ ಐದು ತಲೆಮಾರಿನವರು: ಒಬ್ಬ ಗಂಡಸು, ಅವನಿಂದ ಮಕ್ಕಳನ್ನು ಪಡೆದ ನಾಲ್ವರು ಹೆಂಗಸರು, ಅವರ ಸಂತತಿ. ಯಾವ ತಾಯಿಯ ಮಕ್ಕಳು ಎಂಬುದರ ಮೇಲೆ ಸಮಾಧಿಯ ಯಾವ ಭಾಗದಲ್ಲಿ ಮಲಗಬೇಕೆಂಬುದೂ ಗೊತ್ತಾಗುತ್ತಿತ್ತು. ಕಲ್ಲನ್ನು ಎಳೆದು ನಿಲ್ಲಿಸಿದ್ದು ಯಾರಿಗಾಗಿ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಆಟದಲ್ಲಿಯೂ ದೊಡ್ಡ ಕಲ್ಲುಗಳನ್ನು ಜಾರುಬಂಡಿಯ ಮೇಲೆ ಎಳೆದು ತಂದು ನಿಲ್ಲಿಸಬಹುದು. ಜನ ಕೈಬಿಟ್ಟ ಕೆಲಸವೆಲ್ಲ ಹಿಂದೆ ಬಿದ್ದು ನಿಮ್ಮ ತಲೆ ಕೆಡುವುದೂ ನಿಜ. ಆದರೆ ಆ ಕಲ್ಲು ಇಂಥವರ ಅಜ್ಜನದು ಎಂದು ಹೇಳುವಂತಿಲ್ಲ. ತಂದೆತಾಯಿಗಳ ಹೆಸರನ್ನು ಪ್ರತಿಯೊಬ್ಬರ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಯಂತ್ರಕ್ಕೆ ಎಷ್ಟರ ಕೆಲಸ?

ಮೆಟ್ಟಿಲುಗಳ ಬಗೆಗೂ ಒಂದು ತಕರಾರು. ಆಟದಲ್ಲಿ ಒಮ್ಮೆ ಕೊಂಡ ಜ್ಞಾನ ಶಾಶ್ವತ. ಇಳಿಯುವ ದಾರಿಯೇ ಇಲ್ಲ. ತುರ್ಕಿಯ ಗೋಬೆಕ್ಲಿ ತೆಪೆಯಲ್ಲಿ ಐದು ಮೀಟರು ಮೀರಿದ ಕೆತ್ತನೆಯ ಕಂಬಗಳನ್ನು ಕ್ರಿ.ಪೂ. 9500ರ ಸುಮಾರಿನಲ್ಲಿ ನಿಲ್ಲಿಸತೊಡಗಿದವರು ಬೇಟೆಯಾಡಿ, ಕಾಡುಧಾನ್ಯ ಆಯ್ದು ತಿನ್ನುತ್ತಿದ್ದವರು. ಬ್ರಿಟನ್ನಿನಲ್ಲಿ ಕ್ರಿ.ಪೂ. 4000ದ ಹೊತ್ತಿಗೆ ಬೇಸಾಯ ಬಂತು. ಕೆಲವು ಶತಮಾನಗಳಲ್ಲಿಯೇ ಬಹು ಭಾಗಗಳಲ್ಲಿ ಧಾನ್ಯ ಹಿಂದೆ ಸರಿದು, ಜನ ದನಗಳನ್ನೂ ಕಾಡಿನ ಹೇಜಲ್ ಕಾಯಿಗಳನ್ನೂ ಮತ್ತೆ ನೆಚ್ಚಿದರೆಂದು 2012ರಲ್ಲಿ ಸಂಶೋಧಕರು ವಾದಿಸಿದರು. ಅದು ನಿಜವಾದರೆ, ಸ್ಟೋನ್‌ಹೆಂಜಿನ ಮಹಾಶಿಲೆಗಳನ್ನು ನಿಲ್ಲಿಸಿದವರು ಏಣಿಯಲ್ಲಿ ಒಂದು ಮೆಟ್ಟಿಲು ಇಳಿದವರು! ಆಟಕ್ಕೆ ಇಳಿಯುವುದನ್ನೂ ಕಲಿಸಿದರೆ, ಮುದುಕಿಯ ಸಾವಿಗೆ ಬೆಲೆ ಬಂದೀತು. ಒಂದು ಕೆಟ್ಟ ಚಳಿಗಾಲ ಒಂದು ವಿದ್ಯೆಯನ್ನೇ ಕೊಂಡೊಯ್ದೀತು.

ಇನ್ನು ನಮ್ಮ ಸೀಮೆಯ ಒಂದು ಮಾತು. ಈ ಆಟದ ವೈರಿ ಹಿಮ. ನೆಲ, ಪ್ರಾಣಿ, ಪೈರು ಎಲ್ಲ ಯುರೋಪಿನವು. ಕೃಷ್ಣಾ ತುಂಗಭದ್ರೆಗಳ ನಡುವೆ ನವಶಿಲಾಯುಗದ ಹಳ್ಳಿ ಕಟ್ಟುವುದಾದರೆ ಉಣ್ಣೆಯ ಉಡುಪಿನ ಚಿಂತೆ ಯಾರಿಗೆ? ಅಲ್ಲಿ ವೈರಿ ಬೇಸಗೆ. ಬತ್ತುವ ಹಳ್ಳ, ಮೇವಿಲ್ಲದ ಗುಡ್ಡ. ಸುರಪುರದ ಕಡೆಯ ಬೂದಿಹಾಳ, ಬಳ್ಳಾರಿಯ ಹತ್ತಿರದ ಕುಪ್ಪಗಲ್ಲು ಮೊದಲಾದೆಡೆ ಇರುವ ಬೂದಿಗುಡ್ಡಗಳನ್ನು ನೀವು ಕಂಡಿರಬಹುದು, ಇಲ್ಲವೆ ಕೇಳಿರಬಹುದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನ ಕಟ್ಟುತ್ತಿದ್ದ ದೊಡ್ಡಿಗಳಲ್ಲಿ ಸಗಣಿ ರಾಶಿಬಿದ್ದು, ಅದಕ್ಕೆ ಮತ್ತೆ ಮತ್ತೆ ಬೆಂಕಿಯಿಟ್ಟು ಆದ ಗುಡ್ಡಗಳು ಅವು. ಕೆಲವೆಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು ಉಟ್ನೂರಿನಲ್ಲಿ ಅಗೆದು ಇವು ದನದ ದೊಡ್ಡಿಗಳೇ ಎಂದು ತೋರಿಸಿದರು. ಬೂದಿಹಾಳದಲ್ಲಿ ಪದ್ದಯ್ಯನವರು ಜನವಸತಿಯನ್ನೂ ಬೆಳಕಿಗೆ ತಂದರು. ಆ ಜನ ಉಂಡದ್ದು ಹುರುಳಿ, ಹೆಸರು, ಕೊರಲೆ. ಗೋದಿಯ ಹೊಲ, ಕುರಿಯ ಹಿಂಡು, ಹಿಮದ ಬೇಲಿ ಮಾತ್ರ ಬಲ್ಲ ಆಟಕ್ಕೆ ಇದು ಹೊಸ ಲೋಕ.

ಇದರಲ್ಲಿ ಸ್ವಲ್ಪ ಭಾಗ ಸಂಸ್ಥೆಯವರನ್ನು ಕಾಯದೆಯೇ ಆಗಬಹುದು. ಆಟಗಾರರು ತಮ್ಮದೇ ಸನ್ನಿವೇಶಗಳನ್ನು ಬರೆದು ಇತರರಿಗೆ ಹಂಚುವ ಅನುಕೂಲವನ್ನು ಆಟದಲ್ಲಿ ಇಟ್ಟಿದ್ದಾರೆ. ಯಾವ ನೆಲ, ಎಷ್ಟು ಜನ, ಯಾವ ಗುರಿ ಎಂದು ಸರಳ ಕಡತದಲ್ಲಿ ಬರೆದರೆ ಸಾಕು. ಮನೆಯಲ್ಲಿ ಆಸಕ್ತ ಹುಡುಗ ಹುಡುಗಿಯರಿದ್ದರೆ ಹೇಳಿ ನೋಡಿ: ಹಳ್ಳದ ದಡದಲ್ಲಿ ಹತ್ತು ಜನ, ಒಂದು ದೊಡ್ಡಿಯಷ್ಟು ದನ. ದೊಡ್ಡಿಯ ಸಗಣಿಗೆ ಬೆಂಕಿ ಇಡುವುದನ್ನೂ, ತಾಯಿಯ ಹೆಸರನ್ನು ಮಗಳು ನೆನಪಿಟ್ಟುಕೊಳ್ಳುವುದನ್ನೂ ಮಾತ್ರ ಕಡತದಲ್ಲಿ ಬರೆಯಲಾಗದು. ಅದಕ್ಕೆ ಆಟ ಮಾಡಿದವರೇ ಮನಸ್ಸು ಮಾಡಬೇಕು.